ಮಾರಾಟಕ್ಕಲ್ಲದ ಧ್ವನಿಮುದ್ರಿಕೆಗಳು

ಗ್ರಾಮಫೋನಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಂಪನಿಗಳ ಮಾರಾಟಪಟ್ಟಿಗಳನ್ನೇ ನೆಚ್ಚಿದ್ದಾರೆ. ಶಾಲೆ, ಚರ್ಚು, ಹವ್ಯಾಸಿ ಸಂಘಗಳು ತಮಗಾಗಿ ಒತ್ತಿಸಿಕೊಂಡ ಕೆಲವೇ ಪ್ರತಿಗಳ ತಟ್ಟೆಗಳು ಆ ಪಟ್ಟಿಗಳಲ್ಲಿ ಸಿಗುವುದು ಅಪರೂಪ. ಇಂತಹ ಮಾರಾಟಕ್ಕಲ್ಲದ ಮುದ್ರಿಕೆಗಳಲ್ಲಿ ಭಾಷಾಧ್ಯಯನಕ್ಕೆ ಮುಖ್ಯವಾದದ್ದು ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆಗೆ ಹೊಂದಿಕೊಂಡ ಮಾಲೆ. ಪ್ರಾಂತೀಯ ಸರ್ಕಾರಗಳ ನೆರವಿನಿಂದ ಸಿದ್ಧವಾದ ಈ ತಟ್ಟೆಗಳಲ್ಲಿ ಹಲವು ಭಾಷಿಕರು ಬೈಬಲಿನ ದುಂದುಗಾರ ಮಗನ ದೃಷ್ಟಾಂತವನ್ನು ತಂತಮ್ಮ ನುಡಿಯಲ್ಲಿ ಹೇಳಿದ್ದಾರೆ. ಮದರಾಸು ಪ್ರಾಂತ್ಯದ ತಟ್ಟೆಗಳ ಪಠ್ಯವನ್ನು ಅಲ್ಲಿಯ ಸರ್ಕಾರಿ ವಸ್ತುಸಂಗ್ರಹಾಲಯವು 1927ರಲ್ಲಿ ಪ್ರಕಟಿಸಿತು.

ಮುದ್ರಿತ ಸರ್ವೇಕ್ಷಣೆಯಾದರೋ ಮದರಾಸು, ಮೈಸೂರು, ಹೈದರಾಬಾದುಗಳನ್ನು ಹೊರಗಿಟ್ಟಿತ್ತು. ಕನ್ನಡದ ಮಟ್ಟಿಗೆ ಇದು ಸಣ್ಣ ಲೋಪವಲ್ಲ. 1956ರವರೆಗೆ ಹೈದರಾಬಾದಿಗೆ ಸೇರಿದ್ದ ಬೀದರ, ಕಲಬುರ್ಗಿ, ರಾಯಚೂರುಗಳ ಆಡುನುಡಿ ಆ ಕ್ಷೇತ್ರಕಾರ್ಯಕ್ಕೆ ಒಳಪಡಲೇ ಇಲ್ಲ. ಆದುದರಿಂದ ಆ ಸೀಮೆಯ ಶಾಲೆಯೊಂದರ ನಾಟಕವೋ ಭಜನಾ ಮಂಡಳಿಯ ಹಾಡೋ ಇರುವ ತಟ್ಟೆಯೊಂದು ಹೈದರಾಬಾದಿನ ಜುಮೆರಾತ್ ಬಜಾರಿನ ಹಳೆಯ ಸಾಮಾನಿನ ರಾಶಿಯಲ್ಲಿ ದೊರೆತರೆ, ಹಾಡುಗಾರಿಕೆಯ ಗುಣ ಹೇಗೇ ಇರಲಿ, ಅದನ್ನು ಆಕರವೆಂದೇ ಎಣಿಸಬೇಕು. (ಸಂಗ್ರಾಹಕರು ಸಾಮಾನ್ಯವಾಗಿ ಚಿತ್ರಗೀತೆಗಳನ್ನು ಆರಿಸಿಕೊಂಡು ಉಳಿದುದನ್ನು ಬದಿಗೆ ಸರಿಸುತ್ತಾರೆ.)

ಹತ್ತು ಅಂಗುಲದ, ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷ. ಕಥೆಯಾಗಲಿ ಹಾಡಾಗಲಿ ಅಷ್ಟಕ್ಕೆ ಮೊಟಕಾಗಿರುವುದನ್ನು ಕೇಳುವವರು ಮರೆಯಬಾರದು. ಅರಗು ಬಿದ್ದರೆ ಒಡೆಯುತ್ತದೆ. ವಿನೈಲ್ ಒಡೆಯದಿದ್ದರೂ ಬಿಸಿಲಿಗೆ ಸೊಟ್ಟಗಾಗುತ್ತದೆ. ಚೀಟಿ ಕಳಚಿಹೋಗಿದ್ದರೂ ಅದರ ಸುತ್ತಲ ಬರಿ ಜಾಗದಲ್ಲಿ ಕೊರೆದ ಸಂಖ್ಯೆಯನ್ನು ಓರೆ ಬೆಳಕಿನಲ್ಲಿ ಓದಿ ಬರೆದಿಟ್ಟುಕೊಳ್ಳಬಹುದು.