ಗಾಳದ ರೀಲು

ಗಾಳದ ಕೋಲಿನ ಬುಡಕ್ಕೆ ಬಿಗಿದು, ದಾರವನ್ನು ಸುತ್ತಿಡಲು ಮತ್ತು ಬಿಡಲು ಬಳಸುವ ರಾಟೆ. ರೀಲಿಲ್ಲದೆಯೂ ಗಾಳ ಹಾಕಬಹುದು. ದಕ್ಷಿಣ ಕನ್ನಡದ ಫರಂಗಿಪೇಟೆಯ ಬಳಿ ಹರಿಯುವ ನೇತ್ರಾವತಿಯಂಥ ಹೊಳೆಗಳಲ್ಲಿ ಬಿದಿರ ಕೋಲಿನ ತುದಿಗೆ ದಾರ ಕಟ್ಟುವುದು, ಇಲ್ಲವೇ ಮರದ ತುಂಡಿಗೆ ಸುತ್ತಿದ ದಾರವನ್ನು ಕೈಯಿಂದಲೇ ಬೀಸುವುದು ಹಳೆಯ ಕ್ರಮ. ಆದರೆ ದಾರ ತುದಿಯಲ್ಲೇ ಮುಗಿಯುವ ಕೋಲಿಗೆ ದೊಡ್ಡ ಮೀನು ಕಚ್ಚಿದರೆ ದಾರ ಹರಿಯುವುದೋ ಕೋಲು ಮುರಿಯುವುದೋ ಖಂಡಿತ. ಓಡುವ ಮೀನಿಗೆ ಒಂದಿಷ್ಟು ದಾರ ಬಿಟ್ಟುಕೊಡಬೇಕು. ರೀಲಿನ ಹುಟ್ಟಿಗೆ ಈ ಅಗತ್ಯವೇ ಮೂಲ.

1195ರ ಸುಮಾರಿನದೆನ್ನುವ ಚೀನೀ ಕಲಾವಿದ ಮಾ ಯುವಾನನ ಚಿತ್ರವೊಂದರಲ್ಲಿ ದೋಣಿಯಲ್ಲಿ ಕೂತ ಬೆಸ್ತನ ಕೋಲಿಗೆ ರಾಟೆಯಿದೆ. ಇಂಗ್ಲೆಂಡಿನಲ್ಲಿ ಥಾಮಸ್ ಬಾರ್ಕರ್ 1651ರ ಪುಸ್ತಕದಲ್ಲಿ ಇಂಥದೊಂದು ಸಾಧನದ ಮಾತೆತ್ತುತ್ತಾನೆ. ಅಲ್ಲಿಯ ನಾಟಿಂಗ್‌ಹ್ಯಾಮ್ ರೀಲು ಮರದ್ದು: ನಡುಗೂಟದ ಮೇಲೆ ಸರಾಗವಾಗಿ ತಿರುಗುವ ಚಕ್ರ, ಅಷ್ಟೇ. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯ ಗಡಿಯಾರ ಕಸಬಿನ ಜಾರ್ಜ್ ಸ್ನೈಡರ್ ಹಲ್ಲುಚಕ್ರಗಳನ್ನು ಸೇರಿಸಿ, ಹಿಡಿಕೆ ಒಂದು ಸುತ್ತು ಹಾಕಿದರೆ ದಾರ ಸುತ್ತಿದ ಉರುಳೆ ಹಲವು ಸುತ್ತು ತಿರುಗುವ ಮಲ್ಟಿಪ್ಲೈಯರ್ ಮಾಡಿದ. ನೊಣಗಾಳದ (ಫ್ಲೈ ಫಿಶಿಂಗ್) ರೀಲಿಗೆ ರಂಧ್ರಗಳ ತಟ್ಟೆಯಿಟ್ಟು, ಒದ್ದೆ ದಾರ ಬೇಗ ಒಣಗುವಂತೆ ಮಾಡಿದ ಚಾರ್ಲ್ಸ್ ಆರ್ವಿಸ್‌ನ ಪೇಟೆಂಟು 1874ರದು.

ಇದಕ್ಕೆ ಒಂದು ವರ್ಷ ಮೊದಲು, 1873ರಲ್ಲಿ, ಭಾರತದ ಗಾಳಗಾರರಿಗೆ ಬಹುಕಾಲ ಕೈಪಿಡಿಯಾದ ‘ದಿ ರಾಡ್ ಇನ್ ಇಂಡಿಯಾ’ ಪ್ರಕಟವಾಗಿತ್ತು. ಲಂಡನ್ನಿನ ಜೊತೆಗೆ ಮಂಗಳೂರಿನ ಹೆಸರೂ ಅದರ ಮೇಲಿದೆ. ಬರೆದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್. ಈ ಜಿಲ್ಲೆಯ ಮೀನು ಸಾಕಣೆಯ ಕುರಿತು 1870ರಲ್ಲೇ ವರದಿ ಬರೆದಿದ್ದ ಅಧಿಕಾರಿ ಅವನು. ಅವನ ಆಸಕ್ತಿಯ ಕೇಂದ್ರ ಮಹಶೀರ್. ಗಾಳ ಕಚ್ಚಿದೊಡನೆ ಸೆಳವಿನಲ್ಲಿ ದೂರಕ್ಕೆ ಧಾವಿಸುವ ಈ ಮೀನಿಗೆ ರೀಲಿನಲ್ಲಿ ಧಾರಾಳ ದಾರವಿರಬೇಕು. ಮೈಸೂರಿನ ವಾನ್ ಇಂಗನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಇದೇ ಮಹಶೀರ್ ದೇವರ ಮೀನು. ಅಲ್ಲಿ ರೀಲಿಗೆ ಕೆಲಸವಿಲ್ಲ.

ಈವರೆಗೆ ಹೇಳಿದ ರೀಲುಗಳಲ್ಲೆಲ್ಲ ಉರುಳೆ ತಿರುಗಿದರೆ ಮಾತ್ರ ದಾರ ಬಿಚ್ಚುತ್ತದೆ. ಹಗುರ ಎರೆಗೆ ಉರುಳೆಯನ್ನು ತಿರುಗಿಸುವಷ್ಟು ಶಕ್ತಿ ಸಾಲದು. ಜೋರಾಗಿ ಬೀಸಿದರೆ ಉರುಳೆ ಎರೆಗಿಂತ ವೇಗವಾಗಿ ಸುತ್ತಿ ದಾರ ಗೋಜಲಾಗುತ್ತದೆ. ಬಟ್ಟೆ ಗಿರಣಿಯ ಇಂಗ್ಲಿಷ್ ಉದ್ಯಮಿ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದ ರೀಲಿನಲ್ಲಿ ಉರುಳೆ ಸುಮ್ಮನಿರುತ್ತದೆ, ಕದಿರಿನಿಂದ ನೂಲು ಜಾರುವಂತೆ ದಾರ ಅದರ ಅಂಚಿನಿಂದ ಜಾರುತ್ತದೆ. ರೀಲಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ. ಇಂದು ಸ್ಪಿನ್ನಿಂಗ್ ರೀಲು ಎಂದು ಮಾರಾಟವಾಗುವುದು ಇದರ ಸಂತತಿ. ಅದಕ್ಕೇ ಮುಚ್ಚಳ ಹಾಕಿ, ಗುಂಡಿ ಒತ್ತಿದರೆ ದಾರ ಬಿಡುವಂತೆ ಮಾಡಿದ್ದು ಸ್ಪಿನ್‌ಕಾಸ್ಟ್. ಅಮೆರಿಕದ ಜೆಬ್ಕೊ 1949ರಲ್ಲಿ ತಂದ ಇದು ಕಲಿಯುವವರಿಗೆ ಸುಲಭ, ದೊಡ್ಡ ಮೀನಿಗೆ ಸಾಲದು.

ಮೀನು ಎಳೆದಾಗ ದಾರ ಬಿಗಿಯಾಗಿಯೇ ಬಿಚ್ಚುವಂತೆ ತಡೆಯೊಡ್ಡುವ ಡ್ರ್ಯಾಗ್ ಬಹುತೇಕ ರೀಲುಗಳಲ್ಲಿದೆ. ದಾರ ತಾಳುವ ಭಾರದ ಮೂರನೇ ಒಂದಕ್ಕೆ ಅದನ್ನು ಬಿಗಿಯುವುದು ರೂಢಿ. ಫರಂಗಿಪೇಟೆಯಿಂದ ಕೆಳಗೆ ಉಳ್ಳಾಲದ ಅಳಿವೆಯತ್ತ ಸಾಗಿ ಉಪ್ಪುನೀರಿನಲ್ಲಿ ಗಾಳ ಹಾಕಿದವರು ಮನೆಗೆ ಬಂದೊಡನೆ ರೀಲನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ, ಹಿಡಿಕೆಯ ಸಂದಿಗೆ ಎರಡು ಹನಿ ಎಣ್ಣೆ ಬಿಡಬೇಕು. ಇಲ್ಲದಿದ್ದರೆ ಬೇರಿಂಗು ತುಕ್ಕು ಹಿಡಿಯುತ್ತದೆ.