ಗ್ರಂಥಾಲಯದ ಬೀಗದ ಕೈ ಯಾರ ಸೊಂಟದಲ್ಲಿದೆ?

ನಾನಿರುವುದು ಉಲ್ಲಾಳದಲ್ಲಿ. ರಾಣಿ ಅಬ್ಬಕ್ಕನ ಉಲ್ಲಾಳವಲ್ಲ. ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಗೂ ಜ್ಞಾನಭಾರತಿಗೂ ನಡುವೆ, ಒಂದು ಕೆರೆ ಉಳಿಸಿಕೊಂಡು ಹೊಲಗಳನ್ನೆಲ್ಲ ಸೈಟುಗಳಿಗೆ ಕೊಟ್ಟು ಕೂತಿರುವ ಉಲ್ಲಾಳ. ಈ ಊರಿನ ಸುತ್ತ ವಿದ್ಯೆಗೇನೂ ಬರವಿಲ್ಲ. ಒಂದು ಪಕ್ಕಕ್ಕೆ ಬೆಂಗಳೂರು ವಿಶ್ವವಿದ್ಯಾಲಯ. ಅತ್ತ ನಾಗರಭಾವಿಯಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳು. ಇತ್ತ ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟು, ಅದರೊಳಗೆ ದೇಶಕ್ಕೆಲ್ಲ ಗ್ರಂಥಪಾಲಕರನ್ನು ತಯಾರು ಮಾಡುವ ಡಿ.ಆರ್.ಟಿ.ಸಿ. ಇಷ್ಟೆಲ್ಲದರ ನಡುವೆ ವಾಸ ಮಾಡುವ ಒಬ್ಬ ಹೈಸ್ಕೂಲು ಮೇಷ್ಟ್ರಿಗೆ ತನ್ನ ದೊಡ್ಡವ್ವನ ಮಾತು ಓದಲು ಸಿಗಲಿಲ್ಲ ಅಂದರೆ ನೀವು ನಂಬುತ್ತೀರಾ?

2023ರ ಮಾತು. ಮಾಗಡಿ ಕಡೆಯ ನಮ್ಮ ಹಟ್ಟಿಯಲ್ಲಿ ದೊಡ್ಡವ್ವನ ಮನೆಗೆ ದರಖಾಸ್ತಿನಲ್ಲಿ ಬಂದಿದ್ದ ಎರಡು ಎಕರೆ, ಬರಗಾಲದಲ್ಲಿ ಕೆಲವು ಮೂಟೆ ರಾಗಿಗೆ ಕೈಬಿಟ್ಟಿತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ಆಗಬಾರದು ಅಂತ 1978ರಲ್ಲೇ ಕಾಯ್ದೆ ಬಂದಿದೆ, ನಾವು ಪಿಟಿಸಿಎಲ್ ಅಂತೀವಲ್ಲ, ಅದು. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದವರ ಅರ್ಜಿ ನಿಲ್ಲದು ಎಂದಮೇಲೆ ಎಷ್ಟೋ ಮನೆಗಳ ಫೈಲು ಮೂಲೆ ಸೇರಿತು. 2023ರ ತಿದ್ದುಪಡಿ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಸಾಗುವಳಿ ಚೀಟಿ ಕಳೆದುಹೋಗಿತ್ತು. ಆಗ ನೆನಪಾದದ್ದು: ಇಪ್ಪತ್ತು ವರ್ಷದ ಹಿಂದೆ ಒಬ್ಬರು ಸಂಶೋಧಕರು ಟೇಪ್ ರೆಕಾರ್ಡರ್ ಹಿಡಿದು ಬಂದು, ಹಟ್ಟಿಯಲ್ಲಿ ತಿಂಗಳು ಕಾಲ ಇದ್ದು, ಮುದ್ದೆ ಉಂಡು, ಮಂಜೂರಾತಿಯ ಕತೆಯನ್ನೆಲ್ಲ ಬರೆದುಕೊಂಡು ಹೋಗಿದ್ದರು. ಅದು ಹೊರದೇಶದ ಒಂದು ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಗಿತ್ತು. ವಕೀಲರು, "ಸಾಕ್ಷಿ ಆಗದಿದ್ರೂ ಯಾವ ರಿಜಿಸ್ಟರ್ ಹುಡುಕ್ಬೇಕು ಅಂತ ದಾರಿ ತೋರ್ಸುತ್ತೆ, ತನ್ನಿ ಮೇಷ್ಟ್ರೇ" ಅಂದರು.

ಕಂಪ್ಯೂಟರಿನಲ್ಲಿ ನೋಡಿದರೆ ಬೀಗ. ಒಂದು ಲೇಖನಕ್ಕೆ ನಲವತ್ತು ಡಾಲರು, ಅದೂ ಒಂದು ದಿನ ಓದೋದಕ್ಕೆ. ನಗರದ ಆಚೆ ತುದಿಯ ಒಂದು ದೊಡ್ಡ ಸಂಸ್ಥೆಯ ಗ್ರಂಥಾಲಯಕ್ಕೆ (ಹೆಸರು ಬೇಡ) ಹೋದೆ. ಅಲ್ಲಿನ ಗ್ರಂಥಪಾಲಕರು ಸಜ್ಜನರು. "ಸಾರ್, ಮೊದ್ಲು ಪತ್ರಿಕೆ ಕಪಾಟಲ್ಲಿರ್ತಿತ್ತು. ಯಾರ್ ಬಂದ್ ಕೇಳಿದ್ರೂ ತೆಗೆದುಕೊಡ್ತಿದ್ವಿ. ಈಗ ಚಂದಾ ನಮ್ದು, ಪಾಸ್‌ವರ್ಡ್ ಅವರ್ದು. ಹೊರಗಿನೋರಿಗೆ ತೋರ್ಸಿದ್ರೆ ಒಪ್ಪಂದ ಮುರಿದ ಹಾಗೆ" ಅಂದು ತಲೆ ತಗ್ಗಿಸಿದರು. ಊರಿಗೆ ಹೋಗಿ ಹೇಳಿದಾಗ ದೊಡ್ಡವ್ವ ಕೇಳಿದ್ದು ಇಷ್ಟೇ: "ಅಲ್ಲ ಮಗ, ನಾನ್ ಆಡಿದ್ ಮಾತ್ನ ನಂಗೇ ಮಾರ್ತಾರಾ?"

ಗ್ರಂಥಾಲಯ ಕೊಡುವ ಜಾಗ, ಪ್ರಕಾಶಕ ಮಾರುವವನು. ಇವರಿಬ್ಬರ ಸಂಬಂಧ ಈ ಗತಿಗೆ ಹೇಗೆ ಬಂತು ಅನ್ನುವುದಕ್ಕೆ ಸ್ವಲ್ಪ ಚರಿತ್ರೆ ಬೇಕು. ಅದರಲ್ಲಿ ನಮ್ಮವರ ಪಾಲೂ ಇದೆ.

1872ರಲ್ಲಿ ಬೊಂಬಾಯಿಯಲ್ಲಿ 'ಇಂಡಿಯನ್ ಆಂಟಿಕ್ವೆರಿ' ಎಂಬ ಪತ್ರಿಕೆ ಹುಟ್ಟಿತು. ಬೊಂಬಾಯಿ ಸರ್ಕಾರದ ಅಧಿಕಾರಿ ಫ್ಲೀಟ್ ನಮ್ಮ ಹಳಗನ್ನಡ ಶಾಸನಗಳನ್ನು ಅಚ್ಚು ಹಾಕಿಸಿದ್ದು ಅದರಲ್ಲೇ. ಕಲ್ಲು ನಮ್ಮ ಊರಿನದು, ಓದು ದೊರೆಗಳದು. ಅದೇ ಪತ್ರಿಕೆಯ 1917ರ ಮೇ ಸಂಚಿಕೆಯಲ್ಲಿ ಇನ್ನೊಂದು ಲೇಖನ ಬಂತು. ಅದರ ಹಿಂದಿನ ವರ್ಷ ನ್ಯೂಯಾರ್ಕಿನ ಕೊಲಂಬಿಯಾದ ವಿಚಾರಗೋಷ್ಠಿಯಲ್ಲಿ ಇಪ್ಪತ್ತೈದು ವರ್ಷದ ಭೀಮರಾವ್ ಅಂಬೇಡ್ಕರ್ ಓದಿದ, ಭಾರತದ ಜಾತಿಗಳ ಹುಟ್ಟು ಬೆಳವಣಿಗೆಯ ಪ್ರಬಂಧ ಅದು. 1918ರಲ್ಲಿ ತುಂಡು ಹಿಡುವಳಿಗಳ ಮೇಲಿನ ಅವರ ಲೇಖನವೂ ಇನ್ನೊಂದು ವಿದ್ವತ್ ಪತ್ರಿಕೆಯಲ್ಲಿ ಬಂತು. ಬಾಬಾಸಾಹೇಬರು ಅಚ್ಚಿನ ಲೋಕಕ್ಕೆ ಕಾಲಿಟ್ಟದ್ದೇ ಈ ಬಾಗಿಲಿನಿಂದ. ಆದ್ದರಿಂದ ವಿದ್ವತ್ ಪತ್ರಿಕೆ ಅಂದರೆ ಮೇಲಿನವರ ಸೊತ್ತು, ನಮಗೇನು ಅಂತ ಕೈ ಕೊಡವಿಕೊಳ್ಳುವ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಅಲ್ಲಿ ಅಚ್ಚಾದ ಮಾತ್ರಕ್ಕೆ ಆ ಪ್ರಬಂಧ ನಮ್ಮ ಕೇರಿಗಳಿಗೆ ಬಂತೇ? ಬರಲಿಲ್ಲ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣದ ಪ್ರತಿ ಓದಿ ಬೆದರಿ, ಸಭೆಯನ್ನೇ ನಿಲ್ಲಿಸಿತು. ಅಂಬೇಡ್ಕರ್ ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದ 'ಜಾತಿ ವಿನಾಶ'ದ 1,500 ಪ್ರತಿಗಳು ಎರಡು ತಿಂಗಳಲ್ಲಿ ಮುಗಿದವು. 1944ರ ಮೂರನೇ ಮುದ್ರಣದಲ್ಲಿ ಅವರು ಒಂದು ಕೆಲಸ ಮಾಡಿದರು: 1917ರ ಆ ಹಳೆಯ ಪ್ರಬಂಧವನ್ನು ಇದೇ ಪುಸ್ತಕದ ಜೊತೆ ಕಟ್ಟಿದರು. ಇಪ್ಪತ್ತೇಳು ವರ್ಷ ವಿದ್ವಾಂಸರ ಕಪಾಟಿನಲ್ಲಿದ್ದ ಲೇಖನ ಹೀಗೆ ಚಳವಳಿಯ ಕೈಗೆ ಬಂತು. ಇವತ್ತು ಒಬ್ಬ ಲೇಖಕ ತನ್ನದೇ ಲೇಖನವನ್ನು ಹೀಗೆ ಬೀದಿಗೆ ತರಬೇಕಾದರೆ ಪ್ರಕಾಶಕರ ಅಪ್ಪಣೆ ಬೇಕು. ಹಕ್ಕನ್ನು ಬರೆದುಕೊಟ್ಟ ಮೇಲೇ ತಾನೇ ಅವರು ಅಚ್ಚು ಹಾಕೋದು!

ಇನ್ನು ಗ್ರಂಥಾಲಯದ ಕಡೆಗೆ ಬರೋಣ. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕಟ್ಟಿದರು. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಮೇಜಿಗೆ ಸರಪಳಿಯಿಂದ ಬಿಗಿಯುತ್ತಿದ್ದರಂತೆ; ಮೊದಲ ಸೂತ್ರವನ್ನು ಅವರು ವಿವರಿಸುವುದು ಆ ಸರಪಳಿಯಿಂದಲೇ. ಪುಸ್ತಕ ಇರುವುದು ಕಾಯುವುದಕ್ಕಲ್ಲ, ಬಳಸುವುದಕ್ಕೆ. ಬಂದವನಿಗೆ ಅವನಿಗೆ ಬೇಕಾದದ್ದು ಸಿಗಬೇಕು. ಅವನ ಹೊತ್ತು ಹಾಳಾಗಬಾರದು. ತಂಜಾವೂರು ಜಿಲ್ಲೆಯ ಬ್ರಾಹ್ಮಣ ಮನೆತನದಿಂದ ಬಂದ ಈ ಮನುಷ್ಯ ಕಟ್ಟಿದ ಸೂತ್ರದೊಳಗೆ ಹೊಲೆಯ ಮಾದಿಗರೂ ಓದುಗರೇ. ಹೊಸ್ತಿಲು ದಾಟುವುದಕ್ಕೆ ಮಾತ್ರ ನಮಗೆ ಬೇರೆ ಹೋರಾಟವೇ ಬೇಕಾಯಿತು, ಅದು ಬೇರೆ ಕತೆ.

ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು, 1972ರಲ್ಲಿ ತೀರಿಕೊಳ್ಳುವ ತನಕ ಇಲ್ಲೇ ಇದ್ದರು. ಡಿ.ಆರ್.ಟಿ.ಸಿ. ಅವರು 1962ರಲ್ಲಿ ಕಟ್ಟಿದ್ದು. 1961ರಲ್ಲಿ ಹೆಂಡತಿ ಶಾರದಾ ಅವರ ಹೆಸರಿನಲ್ಲಿ ದತ್ತಿಯಿಟ್ಟು, 1964ರಿಂದ ಗ್ರಂಥಾಲಯ ಶಾಸ್ತ್ರದ ಒಂದು ಪತ್ರಿಕೆಯನ್ನೂ ಹೊರಡಿಸಿದರು. ಲಾಭಕ್ಕೆ ಕೂತವರಲ್ಲದೆ ಬೇರೆಯವರೂ ವಿದ್ವತ್ ಪತ್ರಿಕೆ ನಡೆಸಬಹುದು ಅನ್ನುವುದು ನಮ್ಮ ಬೆಂಗಳೂರಿಗೆ ಗೊತ್ತಿಲ್ಲದ್ದೇನಲ್ಲ. 'ಕರೆಂಟ್ ಸೈನ್ಸ್' 1932ರಲ್ಲಿ ಇಲ್ಲೇ ಹುಟ್ಟಿತು. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಹೊರಡಿಸಿದ 'ಪ್ರಬುದ್ಧ ಕರ್ನಾಟಕ' ಅದಕ್ಕೂ ಹಿಂದಿನದು. 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದು ಕಂದಾಯದ ಜೊತೆ ಗ್ರಂಥಾಲಯ ಕರ ಸೇರಿತು. ಕೊಳೆಗೇರಿಯ ಒಂದಂಕಣದ ಮನೆಯವನೂ ಕಟ್ಟಿದ ದುಡ್ಡು ಅದು.

ಇದೇ ಹೊತ್ತಿಗೆ ಸಮುದ್ರದಾಚೆ ಏನಾಗುತ್ತಿತ್ತು? ಇಂಗ್ಲೆಂಡಿನಲ್ಲಿ ರಾಬರ್ಟ್ ಮ್ಯಾಕ್ಸ್‌ವೆಲ್ ಎಂಬಾತ 1951ರಲ್ಲಿ ಪೆರ್ಗಮಾನ್ ಪ್ರೆಸ್ಸನ್ನು ಕೈಗೆ ತಗೊಂಡ. ಮಹಾಯುದ್ಧ ಮುಗಿದಿತ್ತು, ಸರ್ಕಾರಗಳು ವಿಜ್ಞಾನಕ್ಕೆ ಹಣ ಸುರಿಯುತ್ತಿದ್ದವು. ಆತ ಕಂಡುಕೊಂಡ ಗುಟ್ಟು ಸರಳ. ಅಕ್ಕಿ ದುಬಾರಿ ಆದರೆ ರಾಗಿ ತಿನ್ನಬಹುದು. ಒಂದು ಪತ್ರಿಕೆ ದುಬಾರಿ ಅಂತ ಇನ್ನೊಂದು ಕೊಂಡರೆ ಆಗದು, ಅದರಲ್ಲಿರುವುದು ಇದರಲ್ಲಿಲ್ಲ. ಹೊಸ ಪತ್ರಿಕೆ ಹುಟ್ಟಿಸಿದಷ್ಟೂ ಗ್ರಂಥಾಲಯ ಕೊಳ್ಳಲೇಬೇಕು. ಇನ್ನು ಖರ್ಚೋ? ಸಂಶೋಧನೆಗೆ ದುಡ್ಡು ಸರ್ಕಾರದ್ದು. ಬರೆಯುವ ವಿದ್ವಾಂಸನಿಗೆ ಕೂಲಿ ಇಲ್ಲ. ಬಂದ ಬರಹ ಅಚ್ಚಿಗೆ ಯೋಗ್ಯವೋ ಅಲ್ಲವೋ ಅಂತ ತೂಗಿ ನೋಡುವ ಇನ್ನಿಬ್ಬರಿಗೂ ಕೂಲಿ ಇಲ್ಲ. ನಮ್ಮ ತಾತಂದಿರು ಬಿಟ್ಟಿ ಚಾಕರಿ ಅಂತಿದ್ದುದನ್ನು ಇವರು ಗೌರವದ ಕೆಲಸ ಅಂದುಕೊಂಡು ಮಾಡುತ್ತಾರೆ. ವ್ಯತ್ಯಾಸ ಇಷ್ಟೇ: ಪ್ರೊಫೆಸರಿಗೆ ಸಂಬಳ ಬೇರೆ ಕಡೆಯಿಂದ ಬರುತ್ತೆ, ತೋಟಿಗೆ ಬರ್ತಿರಲಿಲ್ಲ. 1991ರಲ್ಲಿ ಪೆರ್ಗಮಾನ್ ಆಮ್‌ಸ್ಟರ್‌ಡ್ಯಾಮಿನ ಎಲ್ಸೆವಿಯರ್ ಪಾಲಾಯಿತು. ಆ ಕಂಪನಿಯ ವಿದ್ವತ್ ವ್ಯಾಪಾರದಲ್ಲಿ ಈಗ ನೂರು ರೂಪಾಯಿ ಬಂದರೆ ಮೂವತ್ತೈದಕ್ಕೂ ಮೇಲೆ ಲಾಭ. ಊರ ಸಾಹುಕಾರನೂ ನಾಚಬೇಕು.

ಕಾಗದ ಹೋಗಿ ಕಂಪ್ಯೂಟರು ಬಂದಾಗ ಎಲ್ಲ ಅಗ್ಗವಾಗುತ್ತೆ ಅಂದುಕೊಂಡೆವು. ಆದದ್ದು ಬೇರೆ. ಮೊದಲು ಚಂದಾ ಕಟ್ಟಿದರೆ ಆ ವರ್ಷದ ಸಂಪುಟ ಗ್ರಂಥಾಲಯದ ಸ್ವಂತ, ಚಂದಾ ನಿಲ್ಲಿಸಿದರೂ ಕಪಾಟಿನಲ್ಲಿ ಉಳಿಯುತ್ತಿತ್ತು. ಈಗಿನ ಎಷ್ಟೋ ಒಪ್ಪಂದಗಳಲ್ಲಿ ದುಡ್ಡು ನಿಂತ ದಿನವೇ ಕಪಾಟು ಖಾಲಿ. 1974ರಲ್ಲಿ ಅರಸು ಸರ್ಕಾರ ಉಳುವವನನ್ನು ಒಡೆಯನನ್ನಾಗಿ ಮಾಡುವ ತಿದ್ದುಪಡಿ ತಂತು (ಗೇಣಿಯೂ ಇಲ್ಲದ ನಮ್ಮವರಿಗೆ ದಕ್ಕಿದ್ದು ಕಡಿಮೆ, ಇರಲಿ). ಗ್ರಂಥಾಲಯದ ಚರಿತ್ರೆ ಅದಕ್ಕೆ ಹಿಂದುಮುಂದಾಗಿ ನಡೆದಿದೆ: ಒಡೆಯನಾಗಿದ್ದವನು ಗೇಣಿದಾರನಾದ.

ಇನ್ನೂ ಒಂದಿದೆ. ಯಾರು ಯಾವ ಪುಸ್ತಕ ಓದಿದರು ಅನ್ನುವುದನ್ನು ಹೊರಗೆ ಬಿಡದಿರುವುದು ಗ್ರಂಥಪಾಲಕರ ಧರ್ಮ. ತುರ್ತುಪರಿಸ್ಥಿತಿ ಕಂಡ ನಮ್ಮ ಹಿರಿಯರಿಗೆ ಇದರ ಬೆಲೆ ಗೊತ್ತು. ಈಗ ಓದುವುದು ಪ್ರಕಾಶಕನ ಅಂಗಳದಲ್ಲೇ ಆದ್ದರಿಂದ ಹೆಜ್ಜೆ ಗುರುತೆಲ್ಲ ಅವನ ಹತ್ತಿರ. ಎಲ್ಸೆವಿಯರಿನ ಮಾತೃಸಂಸ್ಥೆಯದೇ ಇನ್ನೊಂದು ಅಂಗ ಲೆಕ್ಸಿಸ್‌ನೆಕ್ಸಿಸ್, 2021ರಲ್ಲಿ ಅಮೆರಿಕದ ವಲಸೆ ಪೊಲೀಸರಿಗೆ ಜನರ ಮಾಹಿತಿ ಒದಗಿಸುವ ಗುತ್ತಿಗೆ ಹಿಡಿಯಿತು. ಗ್ರಂಥಾಲಯದ ದುಡ್ಡು ಯಾವ ಮನೆಗೆ ಹೋಗುತ್ತಿದೆ ಅಂತ ಅಲ್ಲಿನ ಗ್ರಂಥಪಾಲಕರೇ ಕೇಳತೊಡಗಿದರು. ಅವರಲ್ಲಿ ಕೆಲವರು ಅದಕ್ಕೂ ಮುಂಚೆಯೇ ಪ್ರಕಾಶಕರನ್ನು ತಮ್ಮ ಕೋಲಿನಿಂದ ಅಳೆಯಲು ಶುರು ಮಾಡಿದ್ದರು. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಲ್ಸೆವಿಯರ್ ಚಂದಾ ನಿಲ್ಲಿಸಿ ಎರಡು ವರ್ಷ ಜಗ್ಗಾಡಿತು. ಎಂ.ಐ.ಟಿ. ಅದೇ ವರ್ಷ ತನ್ನ ಷರತ್ತುಗಳನ್ನು ಬರೆದಿಟ್ಟು, 2020ರಲ್ಲಿ ಮಾತುಕತೆಯಿಂದ ಎದ್ದು ಬಂತು.

ನಮ್ಮಲ್ಲಿ? ಒಳ್ಳೆಯದೂ ಆಗಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೂವರೂ ಸೇರಿ 2012ರಲ್ಲಿ ದಾವೆ ಹೂಡಿದರು. ಹಕ್ಕುಸ್ವಾಮ್ಯ ದೇವರು ಬರೆದುಕೊಟ್ಟದ್ದೇನಲ್ಲ ಎಂಬ ಧಾಟಿಯಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ ಅದನ್ನು ವಜಾ ಮಾಡಿತು. ನಮ್ಮ ಟಾಟಾ ಇನ್‌ಸ್ಟಿಟ್ಯೂಟು 2002ರಲ್ಲೇ ತನ್ನವರ ಲೇಖನಗಳನ್ನು ಲೋಕಕ್ಕೆಲ್ಲ ತೆರೆದಿಡುವ ಭಂಡಾರ ಕಟ್ಟಿತು. ಆದರೆ 2020ರಲ್ಲಿ ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ ಹೂಡಿದ ದಾವೆಯಲ್ಲಿ, ಬಡ ವಿದ್ಯಾರ್ಥಿಗಳು ಕದ್ದು ಓದುತ್ತಿದ್ದ ಸೈ-ಹಬ್ ತಾಣವನ್ನು ಮುಚ್ಚಿಸುವ ಆದೇಶ 2025ರ ಆಗಸ್ಟಿನಲ್ಲಿ ಅದೇ ಹೈಕೋರ್ಟಿನಿಂದ ಬಂತು.

ಅದಕ್ಕೂ ಮೊದಲೇ, 2024ರ ನವೆಂಬರಿನಲ್ಲಿ, ಕೇಂದ್ರ ಸಂಪುಟ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಮೂವತ್ತು ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300ರಷ್ಟು ಸರ್ಕಾರಿ ಸಂಸ್ಥೆಗಳು. ಹಳ್ಳಿಗಾಡಿನ ಸರ್ಕಾರಿ ಕಾಲೇಜಿನ ಹುಡುಗಿಗೂ ದೊಡ್ಡ ಸಂಸ್ಥೆಯವರಷ್ಟೇ ಓದು ಸಿಗುತ್ತೆ ಅನ್ನುವುದನ್ನು ನಾನು ಲೇವಡಿ ಮಾಡಲಾರೆ. ನಮ್ಮ ಮಕ್ಕಳೇ ಇರುವ ಕಾಲೇಜುಗಳು ಅವು. ಆದರೆ ಬೀಗ ಮಾತ್ರ ಅಲ್ಲೇ ಇದೆ, ಸರ್ಕಾರ ಬಾಡಿಗೆಗೆ ಬೀಗದ ಕೈ ತಂದಿದೆ ಅಷ್ಟೆ. ಕಾಲೇಜು ಬಿಟ್ಟ ಮರುದಿನ ಆ ಹುಡುಗಿ ಹೊರಗೆ. ಹೈಸ್ಕೂಲು ಮೇಷ್ಟ್ರು, ಸಂಘಟನೆಯ ಕಾರ್ಯಕರ್ತ, ತಾಲ್ಲೂಕು ವಕೀಲ, ಇವರು ಮೊದಲೇ ಹೊರಗೆ. ಮುಂದಿನ ಹಂತದಲ್ಲಿ ನೋಡೋಣ ಅಂತಾರೆ. 'ಮುಂದಿನ ಹಂತ' ಅನ್ನುವ ಮಾತು ನಮಗೆ ಹೊಸದಲ್ಲ.

ಓದುಗನಿಗೆ ಬಿಟ್ಟಿ ಬೇಕೇ, ಹಾಗಾದರೆ ಬರೆಯುವವನೇ ಕಟ್ಟಲಿ ಅನ್ನುವ ಹೊಸ ಹುನ್ನಾರವೂ ಬಂದಿದೆ. 'ನೇಚರ್' ಪತ್ರಿಕೆ 2020ರಲ್ಲಿ ಹೇಳಿದ ದರ ಒಂದು ಲೇಖನಕ್ಕೆ 9,500 ಯೂರೊ, ಎಂಟು ಲಕ್ಷ ರೂಪಾಯಿಗೂ ಮೇಲೆ. ಓದುವವನ ಮುಂದಿದ್ದ ಗೇಟನ್ನು ಕಿತ್ತು ಬರೆಯುವವನ ಮುಂದೆ ನೆಟ್ಟರು. ಬ್ರೆಜಿಲ್ ಬಡದೇಶವೇ, 1998ರಲ್ಲೇ ಸರ್ಕಾರದ ಹಣದಲ್ಲಿ ಸೈಲೊ ಎಂಬ ತಾಣ ಕಟ್ಟಿ ತನ್ನ ಪತ್ರಿಕೆಗಳನ್ನು ಬೀಗವಿಲ್ಲದೆ ಇಟ್ಟಿತು. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ಪತ್ರಿಕೆಗಳಿಗೆ ಹೀಗೆ ಮಾಡಲು 6,000 ಕೋಟಿ ಬೇಕಿಲ್ಲ. ಬೇರೆಯವರ ಮಾತೇಕೆ, 'ಪಂಚಮ', 'ಶೂದ್ರ'ದಂಥ ನಮ್ಮವೇ ಪತ್ರಿಕೆಗಳ ಪೂರ್ತಿ ಸಂಪುಟ ನಿಮ್ಮ ಜಿಲ್ಲೆಯ ಯಾವ ಗ್ರಂಥಾಲಯದಲ್ಲಿದೆ, ಹೋಗಿ ಕೇಳಿ ನೋಡಿ.

ದೊಡ್ಡವ್ವನ ವಿಚಾರ ಅರ್ಧಕ್ಕೆ ಬಿಟ್ಟೆ. ಕೊನೆಗೆ ಆ ಸಂಶೋಧಕರಿಗೇ ಒಂದು ಕಾಗದ ಬರೆದೆ. ಮಾರನೆಯ ದಿನವೇ ಲೇಖನ ಕಳಿಸಿದರು, ನಾಚಿಕೆಯಿಂದ ಎರಡು ಸಾಲು ಸೇರಿಸಿ. ಒಂದು ಭಾನುವಾರ ಜಗಲಿ ಮೇಲೆ ಕೂತು ದೊಡ್ಡವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಯಾವ ರಿಜಿಸ್ಟರು ಅನ್ನುವ ಸುಳಿವು ಅದರಲ್ಲಿತ್ತು, ವಕೀಲರು ಅದನ್ನು ಹಿಡಿದುಕೊಂಡಿದ್ದಾರೆ. ಓದುತ್ತಾ ಏಳನೇ ಪುಟಕ್ಕೆ ಬಂದಾಗ ದೊಡ್ಡವ್ವ ಕೈ ಅಡ್ಡ ಹಿಡಿದಳು. "ತಪ್ಪು ಬರ್ದವ್ರೆ. ಜಮೀನು ಮಂಜೂರಾಗಿದ್ದು ನಮ್ಮ ಮಾವನ ಹೆಸ್ರಿಗಲ್ಲ, ಅವ್ರ ಅಕ್ಕನ ಹೆಸ್ರಿಗೆ. ಗಂಡ ಸತ್ತಿದ್ಳು, ಒಬ್ಳೇ ಗೇಯ್ತಿದ್ಳು. ನಾನ್ ಅವತ್ತೇ ಹೇಳಿದ್ದೆ, ಆ ಪೆಟ್ಗೆ ಮುಂದೆ." ಆಮೇಲೆ ಎಲೆಯಡಿಕೆ ಮಡಿಸುತ್ತಾ, ಇದನ್ನ ತಿದ್ದೋಕೆ ಎಲ್ಲಿಗೆ ಬರೀಬೇಕು ಮಗ ಅಂತ ಕೇಳಿದಳು. ನಾನು ಪತ್ರಿಕೆಯ ವಿಳಾಸ ಹುಡುಕುತ್ತಿದ್ದೇನೆ.