ಹಾಸಿಗೆ ಇಲ್ಲದ ಮಕ್ಕಳಿಗೆ ಹಾಸಿಗೆ: ಒಂದು ಸೇವೆಯ ಇತಿಹಾಸ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ 25 ವರ್ಷ ಪೂರೈಸಿ ರಜತ ಮಹೋತ್ಸವ ಆಚರಿಸುತ್ತಿರುವುದು ನಮಗೆಲ್ಲ ಸಂತೋಷದ ವಿಷಯ. ಸ್ಮರಣ ಸಂಚಿಕೆಗೆ ಪ್ರತಿ ನಿರ್ದೇಶಕರೂ ಒಂದೊಂದು ಲೇಖನ ಬರೆದು ಕೊಡಲೇಬೇಕು ಅಂತ ಕಾರ್ಯದರ್ಶಿಗಳು ಪಟ್ಟು ಹಿಡಿದರು. ನಾನು ಎಸ್.ಎಸ್.ಎಲ್.ಸಿ. ತನಕ ಓದಿ ಆಮೇಲೆ ನೇಗಿಲು ಹಿಡಿದವನು. ಹಸುವಿನ ಮೇವು, ಕೆಚ್ಚಲು ಬಾವು ಇವುಗಳ ಬಗ್ಗೆ ಬರೆಯೋಣವೆಂದರೆ ಅದನ್ನು ಡಾಕ್ಟರು ಬರೆದಿದ್ದಾರೆ. ಆದ್ದರಿಂದ ಮಹೋತ್ಸವದ ಸಭೆಯಲ್ಲಿ ನಮ್ಮೊಳಗೆ ಚರ್ಚೆ ಎಬ್ಬಿಸಿದ ವಿಷಯವನ್ನೇ, ಅದರ ಇತಿಹಾಸದ ಸಮೇತ, ನನಗೆ ತಿಳಿದಷ್ಟು ಬರೆಯುತ್ತೇನೆ.

ಚರ್ಚೆ ಏನೆಂಬುದು ಬಹಳ ಜನಕ್ಕೆ ಗೊತ್ತು. ಮಹೋತ್ಸವದ ನೆನಪಿಗೆ ಪ್ರತಿ ಸದಸ್ಯರಿಗೂ ಒಂದೊಂದು ಸ್ಟೀಲ್ ಕ್ಯಾನು ಕೊಡೋಣ ಎಂದು ತೀರ್ಮಾನವಾಗುವುದರಲ್ಲಿತ್ತು. ಆಗ ನಮ್ಮ ಮಹಿಳಾ ನಿರ್ದೇಶಕಿಯೊಬ್ಬರು ಎದ್ದು, "ಕೆರೆ ಏರಿ ಕೆಳಗೆ ಕಬ್ಬು ಕಡಿಯೋಕೆ ಬಂದೋರು ಗುಡ್ಲು ಹಾಕ್ಕಂಡವ್ರೆ. ಅವರ ಮಕ್ಳು ಮಾರ್ಗಶಿರದ ಚಳೀಲಿ ಬರೀ ನೆಲದ ಮೇಲೆ ಮಲಗ್ತವೆ. ಬೆಳಿಗ್ಗೆ ಹಾಲು ಹಾಕೋಕೆ ಬರುವಾಗ ದಿನಾ ನೋಡ್ತೀನಿ. ಕ್ಯಾನು ನಮ್ಮ ಮನೇಲಿ ಐತೆ, ಆ ಮಕ್ಳಿಗೆ ಹೊದ್ಯೋಕೆ ಏನಾದ್ರೂ ಕೊಡಿ" ಅಂದರು.

ಸತ್ಯ ಹೇಳಬೇಕೆಂದರೆ ಅದನ್ನು ಮೊದಲು ವಿರೋಧಿಸಿದವನು ನಾನೇ. "ಸಂಘ ಇರೋದು ಸದಸ್ಯರಿಗೆ. ಇವತ್ತು ಬಂದು ನಾಳೆ ಹೋಗೋರಿಗೆ ಯಾಕೆ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದು ಗಾದೆ ಬೇರೆ ಹೇಳಿದೆ. ಆಯಮ್ಮ ಒಂದೇ ಮಾತು ಕೇಳಿದರು: "ಹಾಸಿಗೇನೇ ಇಲ್ದೋರು ಎಲ್ಲಿಗೆ ಚಾಚ್ತಾರೆ?" ಸಭೆಯಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ವಿಷಯ ಮುಂದಿನ ಸಭೆಗೆ ಹೋಯಿತು.

ಆ ವಾರ ಪುಣೆಯಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ಊರಿಗೆ ಬಂದಿದ್ದ. ಅವನ ಹತ್ತಿರ ಈ ಮಾತು ಆಡಿದಾಗ, "ಮಾವ, ಇದನ್ನೇ ಐವತ್ತು ವರ್ಷದಿಂದ ಮಾಡ್ಕಂಡು ಬಂದೋರು ಇದ್ದಾರೆ, ಶುರುವಾಗಿದ್ದು ನಮ್ಮ ಪುಣೇಲೇ" ಎಂದು ಹೇಳಿದ. ಅವನು ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು ಎರಡನ್ನೂ ಸೇರಿಸಿ ಕೆಳಗೆ ಕೊಟ್ಟಿದ್ದೇನೆ.

ಎಡವಿದ ಕಾಲು

ಕೆನಡಾ ದೇಶದ ಟೊರಾಂಟೊ ನಗರದ ಹತ್ತಿರ ಮರ್ರೆ ಡ್ರೈಡನ್ ಎಂಬುವರು ಇದ್ದರು. ಹುಟ್ಟಿದ್ದು 1911ರಲ್ಲಿ. ಹೆಂಡತಿ ಮಾರ್ಗರೆಟ್. ಮರ್ರೆಯವರು ದೊಡ್ಡ ಸಾಹುಕಾರರೇನಲ್ಲ, ಊರೂರು ಅಲೆದು ಸಾಮಾನು ಮಾರುವ ಕೆಲಸ ಮಾಡಿದವರು. 1930ರ ದಶಕದಲ್ಲಿ ಅಮೆರಿಕ, ಕೆನಡಾ ದೇಶಗಳಲ್ಲಿ ಮಹಾ ಆರ್ಥಿಕ ಕುಸಿತ ಬಂದು ಕೆಲಸವಿಲ್ಲದೆ ಜನ ಬೀದಿಗೆ ಬಿದ್ದ ಕಾಲದಲ್ಲಿ ಇವರು ಹರೆಯದ ಹುಡುಗ. ಮಲಗಲು ನೆಲೆಯಿಲ್ಲದೆ ಸಿಕ್ಕ ಸಿಕ್ಕ ಕಡೆ ರಾತ್ರಿ ಕಳೆದಿದ್ದರಂತೆ. ಹಸಿವಾದರೆ ನೀರು ಕುಡಿದಾದರೂ ತಡೆಯಬಹುದು, ನಿದ್ದೆಗೆಟ್ಟವನು ಮರುದಿನ ಯಾವ ಕೆಲಸಕ್ಕೂ ಬಾರದವನಾಗುತ್ತಾನೆ. ಇದು ರಾತ್ರಿ ನೀರು ಕಟ್ಟುವ ನಮಗೆ ಚೆನ್ನಾಗಿ ಗೊತ್ತು.

ಮರ್ರೆಯವರಿಗೆ ಫೋಟೋ ತೆಗೆಯುವ ಹವ್ಯಾಸ. ಅದರಲ್ಲೂ ಮಲಗಿದ ಮಕ್ಕಳ ಫೋಟೋ ಎಂದರೆ ಬಹಳ ಇಷ್ಟ. ಪ್ರವಾಸ ಹೋದಲ್ಲೆಲ್ಲ ಅಂಥ ಚಿತ್ರ ತೆಗೆಯುತ್ತಿದ್ದರು. ಹೀಗೆ ಒಂದು ಪ್ರವಾಸದಲ್ಲಿ ಕತ್ತಲಲ್ಲಿ ನಡೆಯುವಾಗ ಬೀದಿಯಲ್ಲಿ ಮಲಗಿದ್ದ ಮಗುವೊಂದನ್ನು ಎಡವಿದರು. ಆ ಎಡವಿದ ಕಾಲು ಅವರ ಮನಸ್ಸನ್ನೇ ತಿರುಗಿಸಿತು.

1970ನೇ ಇಸವಿಯಲ್ಲಿ ಗಂಡ ಹೆಂಡತಿ ಸೇರಿ ಒಂದು ಸೇವಾ ಸಂಸ್ಥೆ ಕಟ್ಟಿದರು. ಅದರ ಹೆಸರು ಸ್ಲೀಪಿಂಗ್ ಚಿಲ್ಡ್ರನ್ ಅರೌಂಡ್ ದಿ ವರ್ಲ್ಡ್. ನಮ್ಮ ಮಾತಲ್ಲಿ ಹೇಳುವುದಾದರೆ 'ಲೋಕದ ಮಲಗುವ ಮಕ್ಕಳು'. ಅದೇ ವರ್ಷ ನಮ್ಮ ದೇಶದ ಪುಣೆಯಲ್ಲಿ 50 ಮಕ್ಕಳಿಗೆ ಮೊದಲ ಹಾಸಿಗೆ ಕಟ್ಟುಗಳನ್ನು ಹಂಚಿದರು. ಆಮೇಲೆ ಬಾಂಗ್ಲಾದೇಶ, ಶ್ರೀಲಂಕಾ, ಫಿಲಿಪ್ಪೀನ್ಸ್, ಆಫ್ರಿಕಾದ ಕೀನ್ಯಾ, ಉಗಾಂಡಾ, ಟಾಂಜಾನಿಯಾ, ಅಮೆರಿಕ ಖಂಡದ ಹೊಂಡುರಾಸ್ ಹೀಗೆ ಅನೇಕ ದೇಶಗಳ ಬಡ ಹಳ್ಳಿಗಳಿಗೆ ಈ ಕೆಲಸ ಹರಡಿತು. 50 ಮಕ್ಕಳಿಂದ ಆರಂಭವಾದ ಕೆಲಸ 2009ರ ಹೊತ್ತಿಗೆ 10 ಲಕ್ಷ ಮಕ್ಕಳನ್ನು ಮುಟ್ಟಿತು. ಹನಿ ಹನಿ ಗೂಡಿದರೆ ಹಳ್ಳ ಅನ್ನುವುದು ಇದಕ್ಕೇ.

ಮಾರ್ಗರೆಟ್ ಅವರು 1985ರಲ್ಲಿ, ಮರ್ರೆಯವರು 2004ರಲ್ಲಿ ತೀರಿಕೊಂಡರು. ಅವರ ಇಬ್ಬರು ಗಂಡುಮಕ್ಕಳು ಡೇವ್ ಮತ್ತು ಕೆನ್, ಆ ದೇಶದ ಐಸ್ ಹಾಕಿಯಲ್ಲಿ ಹೆಸರಾಂತ ಗೋಲ್ ಕೀಪರುಗಳು. 1971ರ ಮಾರ್ಚ್ 20ರಂದು ಅಣ್ಣ ಒಂದು ತಂಡಕ್ಕೆ, ತಮ್ಮ ಎದುರು ತಂಡಕ್ಕೆ ಗೋಲು ಕಾದರಂತೆ. ಕೆನ್ ಅವರು ಆಮೇಲೆ ರಾಜಕೀಯಕ್ಕೆ ಬಂದು 2004ರಿಂದ 2006ರವರೆಗೆ ಕೆನಡಾದಲ್ಲಿ ಸಾಮಾಜಿಕ ಅಭಿವೃದ್ಧಿ ಮಂತ್ರಿಯಾಗಿದ್ದರು. ಡೇವ್ ಅವರು ತಂದೆಯ ಸಂಸ್ಥೆಯ ಹೊಣೆ ಹೊತ್ತು ನಡೆಸಿದರು. ಡೇವ್ 2022ರಲ್ಲಿ, ಕೆನ್ 2025ರಲ್ಲಿ ಕಾಲವಾದರು.

ಕಟ್ಟಿನಲ್ಲಿ ಏನಿರುತ್ತದೆ

ಒಂದು ಮಗುವಿಗೆ ಒಂದು ಕಟ್ಟು. ಅದರಲ್ಲಿ ಹಾಸಿಗೆ ಅಥವಾ ಚಾಪೆ, ದಿಂಬು, ಹಾಸುವ ದುಪ್ಪಟಿ, ಹೊದೆಯಲು ಕಂಬಳಿ, ಸೊಳ್ಳೆ ಇರುವ ಸೀಮೆಯಾದರೆ ಸೊಳ್ಳೆ ಪರದೆ, ಒಂದು ಜೊತೆ ಬಟ್ಟೆ, ಟವೆಲ್ಲು, ಶಾಲೆಗೆ ಬೇಕಾದ ಸಾಮಾನು ಇರುತ್ತವೆ. ಎಲ್ಲಾ ದೇಶಕ್ಕೂ ಒಂದೇ ಕಟ್ಟಲ್ಲ. ಆಯಾ ಸೀಮೆಯ ಚಳಿ, ಸೆಕೆ, ರೂಢಿ ನೋಡಿ ಸಾಮಾನು ಬದಲಾಗುತ್ತದೆ.

ಇಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಸಂಗತಿ ಎಂದರೆ ಈ ಸಾಮಾನನ್ನು ಕೆನಡಾದಿಂದ ಹಡಗಿನಲ್ಲಿ ತರುವುದಿಲ್ಲ. ಯಾವ ದೇಶದ ಮಕ್ಕಳಿಗೆ ಹಂಚುತ್ತಾರೋ ಅದೇ ದೇಶದಲ್ಲಿ ಕೊಳ್ಳುತ್ತಾರೆ, ಅಲ್ಲೇ ಹೊಲಿಸುತ್ತಾರೆ. ಸಾಗಾಣಿಕೆ ಖರ್ಚು ಉಳಿಯುತ್ತದೆ, ಅಲ್ಲಿನ ದರ್ಜಿಗೆ, ಹಾಸಿಗೆ ಹೊಲಿಯುವವನಿಗೆ, ನೇಯುವವನಿಗೆ ಕೆಲಸ ಸಿಗುತ್ತದೆ. ಮಗುವಿಗೆ ಕೊಟ್ಟ ದುಡ್ಡು ದಾರಿಯಲ್ಲಿ ಇನ್ನೂ ಎರಡು ಮನೆಯ ಒಲೆ ಹಚ್ಚುತ್ತದೆ.

ಸೊಳ್ಳೆ ಪರದೆಯ ಬಗ್ಗೆ ಒಂದು ಮಾತು. ಅದು ಸೊಳ್ಳೆಗೆ ಮಾತ್ರ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಕಟ್ಟುಹಾವು ರಾತ್ರಿ ಹೊತ್ತು ಸಂಚಾರ ಮಾಡಿ ನೆಲದಲ್ಲಿ ಮಲಗಿದವರನ್ನು ಕಚ್ಚುವುದು ಹೆಚ್ಚು. ಕಚ್ಚಿದ್ದು ಎಷ್ಟೋ ಸಲ ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ, ನೋವು, ಬಾವು ಕಡಿಮೆ. ನೇಪಾಳದ ತರಾಯಿ ಸೀಮೆಯಲ್ಲಿ ನಡೆದ ಅಧ್ಯಯನದಲ್ಲಿ ಪರದೆ ಒಳಗೆ ಮಲಗುವವರಿಗೆ ಹಾವು ಕಚ್ಚುವ ಅಪಾಯ ಬಹಳ ಕಡಿಮೆ ಎಂದು ಕಂಡುಬಂದಿದೆ. ಪರದೆಯ ಅಂಚನ್ನು ಹಾಸಿಗೆ ಅಡಿಗೆ ಸರಿಯಾಗಿ ಸಿಗಿಸಬೇಕು ಅಷ್ಟೆ. ಇದನ್ನು ನಮ್ಮ ಸದಸ್ಯರೂ ಗಮನಿಸಬೇಕು. ಕೊಟ್ಟಿಗೆ ಪಕ್ಕದಲ್ಲಿ ಮಲಗುವವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಲೆಕ್ಕ ಪತ್ರ

ಸಹಕಾರಿಗಳಾದ ನಾವು ಮೊದಲು ಕೇಳುವುದೇ ಲೆಕ್ಕ. ಅದನ್ನೂ ನೋಡೋಣ. ಒಂದು ಕಟ್ಟಿಗೆ ಬಹಳ ವರ್ಷ 30 ಕೆನಡಾ ಡಾಲರು, ಆಮೇಲೆ 35 ಡಾಲರು ಅಂತ ದಾನಿಗಳಿಂದ ತೆಗೆದುಕೊಂಡರು. ದಾನಿ ಕೊಟ್ಟ ಅಷ್ಟೂ ಹಣ ಕಟ್ಟಿಗೇ ಹೋಗಬೇಕು ಎಂಬುದು ಅವರ ನಿಯಮ. ಹಾಗಾದರೆ ಕಚೇರಿ ಖರ್ಚು? ಡ್ರೈಡನ್ ದಂಪತಿಗಳು ಅದಕ್ಕೆಂದೇ ಪ್ರತ್ಯೇಕ ನಿಧಿ ಇಟ್ಟರು. ಹಂಚಲು ಹೋಗುವ ಸ್ವಯಂಸೇವಕರು ವಿಮಾನದ ಚಾರ್ಜು, ಊಟ, ವಸತಿ ಎಲ್ಲಾ ತಮ್ಮ ಕೈಯಿಂದಲೇ ಹಾಕಿಕೊಳ್ಳುತ್ತಾರೆ. ಭತ್ಯೆ ಇಲ್ಲ, ಸಂಭಾವನೆ ಇಲ್ಲ. ಇವರಲ್ಲಿ ರಿಟೈರಾದ ಮೇಷ್ಟ್ರುಗಳು, ದಾದಿಯರು, ವಯಸ್ಸಾದ ಗಂಡ ಹೆಂಡಿರು ಬಹಳ ಮಂದಿ.

ಆದರೆ ಹೊರಗಿಂದ ಬಂದವರಿಗೆ ಯಾವ ಹಳ್ಳಿಯಲ್ಲಿ ಯಾರು ಬಡವರು ಅಂತ ಹೇಗೆ ತಿಳಿಯಬೇಕು? ಅದಕ್ಕೆ ಆಯಾ ದೇಶದಲ್ಲಿ ರೋಟರಿಯಂಥ ಸೇವಾ ಸಂಸ್ಥೆಗಳವರು ತಿಂಗಳುಗಟ್ಟಲೆ ಮೊದಲೇ ಓಡಾಡಿ ಮಕ್ಕಳ ಪಟ್ಟಿ ಮಾಡಿ, ಸಾಮಾನು ಕೊಂಡು, ಕಟ್ಟು ಸಿದ್ಧ ಮಾಡಿಡುತ್ತಾರೆ. ನನ್ನ ಲೆಕ್ಕದಲ್ಲಿ ಈ ಕೆಲಸದ ಅರ್ಧ ಪುಣ್ಯ ಹೆಸರು ಎಲ್ಲೂ ಬಾರದ ಈ ಜನಕ್ಕೆ ಸೇರಬೇಕು. ನಮ್ಮ ಸಂಘದಲ್ಲೂ ಹಾಗೇ ತಾನೇ? ಬೆಳಗಿನ ಜಾವ ಐದಕ್ಕೆ ಎದ್ದು ಬಾಗಿಲು ತೆಗೆದು ಹಾಲು ಅಳೆಯುವವನ ಹೆಸರು ಕಲ್ಲಿನ ಮೇಲೆ ಇಲ್ಲ.

ಫೋಟೋ ವಿಷಯ

ಕಟ್ಟು ಪಡೆದ ಪ್ರತಿ ಮಗುವಿನ ಫೋಟೋ ತೆಗೆದು, ಜೊತೆಗೆ ದಾನಿಯ ಹೆಸರಿನ ಚೀಟಿ ಇಟ್ಟು, ಆ ಫೋಟೋವನ್ನು ದಾನಿಗೆ ಕಳಿಸುವುದು ಈ ಸಂಸ್ಥೆಯ ಪದ್ಧತಿ. ಹಣ ಕೊಟ್ಟವನು ಸಾವಿರಾರು ಮೈಲಿ ದೂರ. ತನ್ನ ದುಡ್ಡು ಇಂಥ ಮಗುವಿಗೆ ಮುಟ್ಟಿತು ಎಂದು ಅವನಿಗೆ ಕಣ್ಣಾರೆ ಕಾಣಬೇಕು. ಒಂದು ರೀತಿಯಲ್ಲಿ ಅದು ರಸೀದಿ. ನಾವು ಹಾಲಿಗೆ ಚೀಟಿ ಕೊಡುವುದಿಲ್ಲವೇ, ಹಾಗೆ. ಇಷ್ಟು ವರ್ಷ ಜನ ನಂಬಿ ದುಡ್ಡು ಕೊಟ್ಟಿದ್ದಕ್ಕೆ ಈ ಫೋಟೋವೂ ಒಂದು ಕಾರಣ.

ಆದರೆ ಇಲ್ಲಿ ನನ್ನ ಮನಸ್ಸು ಒಂದು ಕಡೆ ನಿಂತಿತು. ಕಾರಣ ಹೇಳುತ್ತೇನೆ. ನಾನು ಮಿಡ್ಲ್ ಸ್ಕೂಲಿನಲ್ಲಿ ಓದುವಾಗ ನಮ್ಮ ಮನೆಯಲ್ಲಿ ಐದು ಜನ ಮಕ್ಕಳಿಗೆ ಒಂದು ಕಂಬಳಿ, ಎರಡು ಗೋಣಿತಾಟು. ನಡುವೆ ಮಲಗಿದವನಿಗೆ ಬೆಚ್ಚಗೆ, ಅಂಚಿನವನಿಗೆ ಚಳಿ. ಒಂದು ಸಲ ಯಾರೋ ಪುಣ್ಯಾತ್ಮರು ಶಾಲೆಗೆ ಬಂದು ಬಡ ಮಕ್ಕಳಿಗೆ ಬೆಡ್‌ಶೀಟು ಹಂಚಿದರು. ಹೆಸರು ಕೂಗಿ, ಎದುರಿಗೆ ನಿಲ್ಲಿಸಿ, ಫೋಟೋ ತೆಗೆಸಿದರು. ಬೆಡ್‌ಶೀಟು ಆರು ವರ್ಷ ಬಾಳಿಕೆ ಬಂತು, ಅದಕ್ಕೆ ಋಣಿ. ಆದರೆ ಮರುದಿನದಿಂದ ಜೊತೆ ಹುಡುಗರು ನನ್ನನ್ನು 'ಬೆಡ್‌ಶೀಟು' ಅಂತ ಕರೆಯೋಕೆ ಶುರು ಮಾಡಿದರು. ಹತ್ತನೇ ಕ್ಲಾಸು ಮುಗಿಯೋ ತನಕ ಆ ಹೆಸರು ಹೋಗಲಿಲ್ಲ. ಸಭೆಯಲ್ಲಿ ನಾನು ವಿರೋಧ ಮಾಡಿದ್ದಕ್ಕೆ ದುಡ್ಡಿನ ಯೋಚನೆ ಒಂದೇ ಕಾರಣ ಅಲ್ಲ ಅಂತ ಆಮೇಲೆ ರಾತ್ರಿ ಯೋಚಿಸಿದಾಗ ನನಗೇ ಗೊತ್ತಾಯಿತು.

ದೂರದ ದಾನಿಗೆ ಫೋಟೋ ಬೇಕಾಗಬಹುದು, ಅದನ್ನು ನಾನು ತಪ್ಪೆನ್ನುವುದಿಲ್ಲ. ಅಲ್ಲಿ ಮಗುವೂ ದಾನಿಯೂ ಮುಖಾಮುಖಿ ಆಗುವುದಿಲ್ಲ. ಆದರೆ ಒಂದೇ ಊರಿನಲ್ಲಿ ಕೊಡುವವನೂ ತೆಗೆದುಕೊಳ್ಳುವವನೂ ದಿನಾ ಎದುರಾಗುವಾಗ ಫೋಟೋ ಬೇರೆ ಕೆಲಸ ಮಾಡುತ್ತದೆ.

ಇನ್ನೊಂದು ಆಕ್ಷೇಪಣೆಯನ್ನೂ ಕೇಳಿದ್ದೇನೆ. ಹಾಸಿಗೆ ಕೊಟ್ಟರೆ ಬಡತನ ಹೋಗುತ್ತದೆಯೇ ಅಂತ. ಹೋಗುವುದಿಲ್ಲ. ಕೂಲಿ, ನೆಲ, ಶಾಲೆ ಸರಿಯಾಗದೆ ಬಡತನ ಹೋಗುವುದಿಲ್ಲ. ಆದರೆ ಅದು ಸರಿಹೋಗುವ ತನಕ ಮಗು ಪ್ರತಿ ರಾತ್ರಿ ಮಲಗಲೇಬೇಕಲ್ಲ.

ಸಹಕಾರವೆಂದರೆ

1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಊರಿನಲ್ಲಿ 28 ಜನ ಸೇರಿ ಚಿಕ್ಕ ಅಂಗಡಿ ತೆರೆದರು. ಅವರಲ್ಲಿ ಹಲವರು ನೇಕಾರರು. ಮಾರಿದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದಬತ್ತಿ. 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಇವೆಲ್ಲಾ ದಾನದಿಂದ ನಡೆದದ್ದಲ್ಲ, ಇಲ್ಲದವರು ಒಬ್ಬರಿಗೊಬ್ಬರು ಆದದ್ದು. ಡ್ರೈಡನ್ ಅವರ ಕೆಲಸ ದಾನ, ನಮ್ಮದು ಸಹಕಾರ. ದಾರಿ ಬೇರೆ. ಆದರೂ ಚಿಕ್ಕದಾಗಿ ಶುರು ಮಾಡುವುದು, ಪೈಸೆ ಪೈಸೆಗೆ ಲೆಕ್ಕ ಇಡುವುದು, ಸ್ಥಳೀಯರಿಂದಲೇ ಮಾಡಿಸುವುದು, ಈ ಮೂರು ವಿಷಯದಲ್ಲಿ ನಾವು ಅವರಿಂದ ಕಲಿಯುವುದಿದೆ.

ಮುಂದಿನ ಸಭೆಯಲ್ಲಿ ನಾನೇ ಎದ್ದು ನನ್ನ ಮಾತು ವಾಪಸ್ಸು ತೆಗೆದುಕೊಂಡೆ. ಸಂಘದ ನಿಧಿ ಸದಸ್ಯರದು, ಅದನ್ನು ಮುಟ್ಟುವುದು ಬೇಡ, ಇಷ್ಟವಿದ್ದವರು ಒಂದು ಹೊತ್ತಿನ ಹಾಲಿನ ದುಡ್ಡನ್ನು ಬಟವಾಡೆಯಲ್ಲಿ ಬಿಟ್ಟುಕೊಡಲಿ ಅಂತ ಸೂಚಿಸಿದೆ. ಒಪ್ಪಿಗೆಯಾಯಿತು. ಕ್ಯಾನೂ ಕೊಟ್ಟೆವು. ಕಬ್ಬಿನ ಗುಡಿಸಲಿನ 23 ಮಕ್ಕಳಿಗೆ ಚಾಪೆ, ಕಂಬಳಿ, ಸೊಳ್ಳೆ ಪರದೆ ಆದವು. ಕಂಬಳಿಯನ್ನು ಸಂತೆಯಲ್ಲಿ ನೇಯ್ಗೆಯವರ ಹತ್ತಿರವೇ ಕೊಂಡೆವು. ಪರದೆ ಕಟ್ಟಲು ಗುಡಿಸಲಲ್ಲಿ ಗೂಟ ಇರಲಿಲ್ಲ, ನಮ್ಮ ಹುಡುಗರು ಬಿದಿರು ಕಡಿದು ನಾಲ್ಕು ನಾಲ್ಕು ಗೂಟ ನೆಟ್ಟು ಬಂದರು. ಎರಡು ಮನೆಯಲ್ಲಿ ಮರುವಾರ ನೋಡಿದರೆ ಮಗುವಿನ ಕಂಬಳಿ ಅಜ್ಜಿ ಹೊದ್ದಿದ್ದಳು. ಅದಕ್ಕೆ ನಾವು ಏನೂ ಅನ್ನಲಿಲ್ಲ. ಮುಂದಿನ ವರ್ಷ ಅಜ್ಜಿಗೂ ಸೇರಿಸಿ ಲೆಕ್ಕ ಹಾಕಬೇಕು ಅಂತ ಬರೆದುಕೊಂಡೆವು.

ಸಂಜೆ ಹೊತ್ತು, ಮೈಕು, ಹಾರ ಏನೂ ಇಲ್ಲದೆ, ಗುಡಿಸಲಿಗೇ ಹೋಗಿ ತಾಯಂದಿರ ಕೈಗೆ ಕೊಟ್ಟು ಬಂದೆವು. ಖರ್ಚಿನ ವಿವರ ಸಂಘದ ನೋಟೀಸು ಬೋರ್ಡಿನಲ್ಲಿ ಹಾಕಿದೆ, ಯಾರು ಬೇಕಾದರೂ ನೋಡಬಹುದು. ಈ ಸಂಚಿಕೆಯಲ್ಲಿ ಅಧ್ಯಕ್ಷರ, ನಿರ್ದೇಶಕರ, ಹೆಚ್ಚು ಹಾಲು ಹಾಕಿದವರ ಫೋಟೋಗಳಿವೆ. ಆ ಮಕ್ಕಳ ಫೋಟೋ ಮಾತ್ರ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ, ಅದು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು ಎಂದು ತಿಳಿಯಬೇಕು.



ಜೈ ಸಹಕಾರ.

— ಸಂಘದ ಒಬ್ಬ ನಿರ್ದೇಶಕ